ಹಿಂದಿನ ಎಡ ಚಕ್ರ

ಮೇಸ್ತ್ರಿಯವರ ಕೈ ನಡುಗತೊಡಗಿ ಮೂರು ವರ್ಷವಾಗಿತ್ತು. ಮೊದಮೊದಲು ಕಾಫಿ ಲೋಟ ತುಸು ತುಳುಕುತ್ತಿತ್ತು, ಅಷ್ಟೆ. ಆಮೇಲೆ ನಟ್ಟಿಗೆ ಸ್ಪ್ಯಾನರ್ ಕೂರಿಸಲು ಮೂರು ಮೂರು ಸಲ ಗುರಿ ಹಿಡಿಯಬೇಕಾಯಿತು. ಕೊನೆಕೊನೆಗೆ ಗಿರಾಕಿಗಳು ಮಾತಾಡುವಾಗ ಅವರ ಮುಖ ನೋಡುವುದನ್ನು ಬಿಟ್ಟು ಕೈ ನೋಡತೊಡಗಿದರು. ಅದು ಅರಿವಿಗೆ ಬಂದ ದಿನವೇ ಮೇಸ್ತ್ರಿ ಎರಡೂ ಕೈಗಳನ್ನು ಪ್ಯಾಂಟಿನ ಜೇಬಿಗೆ ಇಳಿಸಿದರು. ಶೆಡ್ಡಿನ ಕೆಲಸವನ್ನೆಲ್ಲ ಮಗಳಿಗೆ ಬಿಟ್ಟು, ಮೂಲೆಯ ಸ್ಟೂಲಿನ ಮೇಲೆ ಕೂತು ಬಾಯಲ್ಲೇ ಕೆಲಸ ಮಾಡುವುದನ್ನು ರೂಢಿ ಮಾಡಿಕೊಂಡರು.

“ಬಾಯಿಗೆ ನಡುಕ ಬಂದಿಲ್ಲವಲ್ಲ, ಸದ್ಯ,” ಎನ್ನುತ್ತಿದ್ದಳು ಅವರ ಹೆಂಡತಿ.

ಸ್ಪ್ರಿಂಗು, ಶಾಕ್ ಅಬ್ಸಾರ್ಬರು, ಚಕ್ರದ ಅಲೈನ್‌ಮೆಂಟು ಈ ಕೆಲಸಗಳಲ್ಲಿ ಮೇಸ್ತ್ರಿಯವರದು ಎತ್ತಿದ ಕೈ. ಸ್ಟಿಯರಿಂಗ್ ಬಿಟ್ಟರೂ ಕಾರು ದಾರ ಹಿಡಿದಂತೆ ನೆಟ್ಟಗೆ ಹೋಗಬೇಕು. ಅವರ ಶೆಡ್ಡಿನಿಂದ ಹೊರಟ ಕಾರು ಹಾಗೇ ಹೋಗುತ್ತಿತ್ತು. ಅಂಥವರ ಮಗನಿಗೆ ಹಿಡಿದ ಹುಚ್ಚೆಂದರೆ ಕಾರನ್ನು ಬೇಕೆಂದೇ ಅಡ್ಡಡ್ಡ ಜಾರಿಸುವುದು. ತಿರುವಿನಲ್ಲಿ ಹಿಂದಿನ ಚಕ್ರಗಳನ್ನು ನೆಲದ ಹಿಡಿತದಿಂದ ಬಿಡಿಸಿ, ಮೂತಿ ಒಂದು ಕಡೆ ದಾರಿ ಒಂದು ಕಡೆ ಎಂಬಂತೆ ಹೊಗೆಯೆಬ್ಬಿಸುತ್ತ ಸಾಗುವ ಆಟ. ಅದಕ್ಕೆ ಡ್ರಿಫ್ಟಿಂಗ್ ಎಂದು ಹೆಸರು, ಅದಕ್ಕೊಂದು ಕ್ಲಬ್ಬು, ಸಾಲು ಸಾಲು ಪಂದ್ಯ, ಅಂಕ ಕೊಡಲು ತೀರ್ಪುಗಾರರು.

“ಮೂವತ್ತೈದು ವರ್ಷ ಜಾರದ ಹಾಗೆ ನೋಡ್ಕೊಂಡೆ. ಈಗ ಜಾರಿಸೋಕೆ ಕೂತಿದ್ದೀನಿ,” ಎಂದು ಮೇಸ್ತ್ರಿ ಬಂದವರೆದುರು ಗೊಣಗುತ್ತಿದ್ದರು. ಗೊಣಗಿನೊಳಗೆ ಸಂತೋಷವಿತ್ತು. ಮಗ ಕಾರು ಓಡಿಸುವುದನ್ನು ಅವರು ಒಮ್ಮೆ ನೋಡಿದ್ದರು. ಊರಾಚೆಯ ಖಾಲಿ ಗೋದಾಮಿನ ಅಂಗಳದಲ್ಲಿ, ಯಾರದೋ ಹಳೆಯ ಕಾರಿನಲ್ಲಿ. ಇಪ್ಪತ್ನಾಲ್ಕರ ಹುಡುಗ, ಹಗಲೆಲ್ಲ ಮೊಬೈಲ್ ಅಂಗಡಿಯಲ್ಲಿ ಆಕಳಿಸುತ್ತ ಕೂರುವವನು, ಸ್ಟಿಯರಿಂಗ್ ಹಿಡಿದ ಕೂಡಲೇ ಬೇರೆಯೇ ಮನುಷ್ಯನಾಗಿದ್ದ. ಅವನ ಕೈ ಎಷ್ಟು ಸ್ಥಿರವಾಗಿತ್ತೆಂದರೆ ಮೇಸ್ತ್ರಿ ಕಾರು ಬಿಟ್ಟು ಆ ಕೈಗಳನ್ನೇ ನೋಡುತ್ತ ನಿಂತಿದ್ದರು.

ಶೆಡ್ಡಿನ ಹಿಂಬದಿಯಲ್ಲಿ ತಾಡಪಾಲಿನಡಿ ಮೂವತ್ತು ವರ್ಷ ಹಳೆಯದೊಂದು ಸ್ಪೋರ್ಟ್ಸ್ ಕಾರಿತ್ತು. ಎರಡೇ ಬಾಗಿಲು, ಎಂಜಿನ್ ಮುಂದೆ, ದೂಡುವ ಚಕ್ರಗಳು ಹಿಂದೆ. ಸ್ವಿಚ್ ಒತ್ತಿದರೆ ಮೇಲೆದ್ದು ನೋಡುವ ಹೆಡ್‌ಲೈಟುಗಳಲ್ಲಿ ಒಂದು ಮಾತ್ರ ಏಳುತ್ತಿತ್ತು, ಇನ್ನೊಂದಕ್ಕೆ ಸೋಮಾರಿತನ. ಮಗಳು ಹತ್ತು ವರ್ಷದವಳಿದ್ದಾಗಿನಿಂದ ಅಪ್ಪ ಮಗಳು ಸೇರಿ ರಜಾದಿನಗಳಲ್ಲಿ ಅದನ್ನು ಬಿಚ್ಚುತ್ತ ಜೋಡಿಸುತ್ತ ಬಂದಿದ್ದರು. ಅದು ಯಾರ ಕಾರು ಎಂದು ಯಾರೂ ಕೇಳಿರಲಿಲ್ಲ. ಕೇಳಿದ್ದರೆ ಮೇಸ್ತ್ರಿ ನಮ್ಮಿಬ್ಬರದು ಎಂದೇ ಹೇಳುತ್ತಿದ್ದರು. ಆದರೆ ಮಗ ಬಂದು “ಅಪ್ಪಾ, ಅದನ್ನ ನನಗೆ ರೆಡಿ ಮಾಡ್ಕೊಡಿ” ಎಂದ ದಿನ ಅವರು ಮಗಳ ಕಡೆ ತಿರುಗಿಯೂ ನೋಡದೆ ತಲೆಯಾಡಿಸಿಬಿಟ್ಟರು.

ಮಗಳಿಗೆ ಆಗ ಇಪ್ಪತ್ತೊಂಬತ್ತು. ಮಿತಭಾಷಿ. ಕಿವಿಯ ಹಿಂದೆ ಸದಾ ಒಂದು ಪೆನ್ಸಿಲು, ಅಂಗಿಯ ಜೇಬಿನಲ್ಲಿ ಗ್ರೀಸು ಮೆತ್ತಿದ ಪುಟ್ಟ ಪುಸ್ತಕ. ಅವಳು ತಾಡಪಾಲು ಎಳೆದು, ಕಾರನ್ನು ಒಂದು ಸುತ್ತು ಹಾಕಿ, “ಆರು ತಿಂಗಳು ಬೇಕು” ಎಂದಳು.

ಆರು ತಿಂಗಳೂ ಮೇಸ್ತ್ರಿ ಸ್ಟೂಲು ಬಿಟ್ಟು ಏಳಲಿಲ್ಲ. ಮಗಳು ಹಿಂದಿನ ಸೀಟು, ನೆಲಹಾಸು, ಎ.ಸಿ. ಎಲ್ಲ ಕಿತ್ತು ಕಾರನ್ನು ಬೋಳು ಮಾಡಿದಳು. ಒಳಗೆ ಕಬ್ಬಿಣದ ಕೊಳವೆಗಳ ಪಂಜರ ಬೆಸೆದಳು. ಎರಡು ಹಿಂಚಕ್ರಗಳು ಒಂದೇ ವೇಗದಲ್ಲಿ ಸುತ್ತಿದರೆ ಮಾತ್ರ ಕಾರು ಹದವಾಗಿ ಜಾರುತ್ತದೆ, ಅದಕ್ಕೆ ಡಿಫರೆನ್ಷಿಯಲ್ ಬದಲಾಯಿಸಿದಳು. ಮುಂಚಕ್ರಗಳು ಮಾಮೂಲಿಗಿಂತ ದುಪ್ಪಟ್ಟು ತಿರುಗುವಂತೆ ಅವುಗಳ ಕೀಲುಗಳನ್ನು ಕತ್ತರಿಸಿ ಹೊಸದಾಗಿ ಕಟ್ಟಿದಳು. ಗೇರಿನ ಪಕ್ಕದಲ್ಲಿ ಒಂದು ಮೊಳ ಎತ್ತರದ ಹ್ಯಾಂಡ್‌ಬ್ರೇಕ್ ಕೋಲು ನೆಟ್ಟಳು. ಕೊನೆಗೆ ಅಲೈನ್‌ಮೆಂಟು. ಕಾರಿನ ಎರಡೂ ಬದಿಗೆ ಕಂಬ ನಿಲ್ಲಿಸಿ, ನೂಲು ಬಿಗಿದು, ನೆಲಕ್ಕೆ ಕೆನ್ನೆ ಹಚ್ಚಿ ಉಕ್ಕಿನ ಅಳತೆಪಟ್ಟಿಯಲ್ಲಿ ನೂಲಿಗೂ ಚಕ್ರಕ್ಕೂ ಇರುವ ಅಂತರ ನೋಡುವುದು. ಯಂತ್ರಕ್ಕಿಂತ ಈ ನೂಲೇ ನಂಬಿಕಸ್ಥ ಎಂದು ಅವಳಿಗೆ ಕಲಿಸಿದವರು ಮೇಸ್ತ್ರಿಯೇ. ಬಿಗಿ ಮಾಡಿದ ಪ್ರತಿ ನಟ್ಟಿನ ಮೇಲೂ ಹಳದಿ ಬಣ್ಣದಲ್ಲಿ ಒಂದು ಗೆರೆ ಎಳೆಯಬೇಕು, ಗೆರೆ ನಟ್ಟಿನಿಂದ ಬೋಲ್ಟಿನವರೆಗೆ ಹಾಯಬೇಕು, ಯಾರಾದರೂ ಸಡಿಲಿಸಿದರೆ ಗೆರೆ ಮುರಿದು ಗೊತ್ತಾಗುತ್ತದೆ ಎಂದು ಕಲಿಸಿದವರೂ ಅವರೇ.

ಅಕ್ಕ ತಮ್ಮನಿಗೆ ಜಗಳವಾಗುತ್ತಿದ್ದದ್ದು ಹಿಂಚಕ್ರಗಳ ವಿಷಯಕ್ಕೆ. ಅವಳು ಹಿಂಚಕ್ರಗಳ ಮೂತಿಯನ್ನು ಕೂದಲೆಳೆಯಷ್ಟು ಒಳಮುಖವಾಗಿ ಇಟ್ಟಿದ್ದಳು. ಹಾಗಿದ್ದರೆ ಕಾರು ಜಾರಿದರೂ ಹೇಳಿದ ಮಾತು ಕೇಳುತ್ತದೆ. ಅವನಿಗೆ ಹೊರಮುಖ ಬೇಕಿತ್ತು.

“ಹೊರಗೆ ತಿರುಗಿಸಿದ್ರೆ ಬಾಲ ಪಟ್ ಅಂತ ಹಾರತ್ತೆ ಅಕ್ಕಾ. ತೀರ್ಪುಗಾರರು ನೋಡೋದೇ ಅದನ್ನ.”

“ಹಾರತ್ತೆ. ಆಮೇಲೆ ವಾಪಸ್ ಬರಲ್ಲ.”

“ನನ್ನ ಕೈಯಲ್ಲಿ ಬರತ್ತೆ.”

“ನಿನ್ನ ಕೈಗಲ್ಲ ನಾನು ಅಳತೆ ಹಾಕೋದು, ಕಾರಿಗೆ,” ಎಂದು ಅವಳು ಪುಸ್ತಕ ಮುಚ್ಚಿ ಜೇಬಿಗೆ ಹಾಕಿಕೊಂಡಳು. ಮೇಸ್ತ್ರಿಗೆ ಅವಳೇ ಸರಿ ಎಂದು ಗೊತ್ತಿತ್ತು. ಆದರೂ ಅಕ್ಕ ಹೊರಹೋದ ಮೇಲೆ ಮಗನ ಬೆನ್ನು ಸವರಿ, “ಇರಲಿ ಬಿಡೋ, ಅವಳದು ಯಾವಾಗಲೂ ಅಳೆದೂ ಸುರಿದೂ,” ಎಂದರು.

ಮೊದಲ ಎರಡು ಪಂದ್ಯಗಳಲ್ಲಿ ಮಗ ಹೆಸರು ಮಾಡಿದ. ಮೈಕಿನವನು ಕೇಳಿದಾಗ “ಅಪ್ಪನ ಶೆಡ್ಡಲ್ಲಿ ನಾವೇ ಕಟ್ಟಿದ್ದು” ಎಂದ. ಆ ‘ನಾವೇ’ಯಲ್ಲಿ ಅಕ್ಕ ಎಷ್ಟಿದ್ದಳೋ ಅವನಿಗೇ ಗೊತ್ತು. ಆದರೆ ಕ್ಲಬ್ಬಿನ ತಪಾಸಕ, ಪ್ರತಿ ಕಾರಿನಡಿ ಟಾರ್ಚು ಹಿಡಿದು ಮಲಗುವ ನರೆಗಡ್ಡದ ಮನುಷ್ಯ, ಕಾರಿನಡಿಯಿಂದ ಎದ್ದು ಬಂದು ನೇರ ಅವಳನ್ನೇ ಕೇಳಿದ: “ಈ ಗೆರೆಗಳೆಲ್ಲ ನಿಂದಾ?” ಅವಳು ಹೌದೆಂದಳು. ಮುಂದಿನ ವಾರ ಕ್ಲಬ್ಬಿನಿಂದ ಪತ್ರ ಬಂತು. ಬರುವ ಸಾಲಿನಿಂದ ಅವಳನ್ನು ತಪಾಸಕಿಯಾಗಿ ತೆಗೆದುಕೊಳ್ಳುತ್ತಾರೆ, ಈ ಸಾಲು ಮುಗಿಯುವವರೆಗೆ ಅವಳ ಹೆಸರಿನ ಮೇಲೆ ಯಾವ ದೂರೂ ಇರಬಾರದು. ಅವಳು ಆ ಪತ್ರವನ್ನು ಅಡುಗೆಮನೆಯಲ್ಲಿ ಅಮ್ಮನಿಗೆ ಎರಡು ಸಲ ಓದಿ ಹೇಳಿದ್ದು ಮೇಸ್ತ್ರಿಗೆ ನಡುಮನೆಯಿಂದ ಕೇಳಿಸಿತ್ತು. ಅವಳ ದನಿಯಲ್ಲಿ ಅಂಥ ಉಲ್ಲಾಸವನ್ನು ಅವರು ವರ್ಷಗಳಿಂದ ಕೇಳಿರಲಿಲ್ಲ.

ಮೂರನೆಯ ಪಂದ್ಯದ ದಿನ ಬೆಳಗ್ಗೆ ತಪಾಸಣೆ ಮುಗಿದು ಕಾರಿಗೆ ಚೀಟಿ ಅಂಟಿತು. ಚೀಟಿ ಅಂಟಿದ ಮೇಲೆ ಏನು ಬದಲಾಯಿಸಿದರೂ ತಪಾಸಕನಿಗೆ ತಿಳಿಸಬೇಕು ಎಂಬುದು ನಿಯಮ. ಮಧ್ಯಾಹ್ನ ಮಗಳು ಸವೆದ ಟೈರುಗಳನ್ನು ಉರುಳಿಸಿಕೊಂಡು ಟೈರಿನವರ ಡೇರೆಗೆ ಹೋದಳು. ಮಗ ಹೆಲ್ಮೆಟ್ಟು ಕಂಕುಳಲ್ಲಿ ಹಿಡಿದು ಬಂದ.

“ಅಪ್ಪಾ, ಹಿಂದಿನ ಚಕ್ರ ಸ್ವಲ್ಪ ಹೊರಗೆ ತಿರುಗಿಸಿಬಿಡ್ತೀನಿ. ಈ ಸುತ್ತು ಗೆದ್ರೆ ಫೈನಲ್ಲು.”

“ಅಕ್ಕ ಬರಲಿ.”

“ಅವಳು ಬಂದ್ರೆ ಪುಸ್ತಕ ತೆಗೀತಾಳೆ. ಹತ್ತು ನಿಮಿಷ ಇದೆ. ನಿಮಗೆ ಗೊತ್ತಿಲ್ವಾ ಇದು, ನೀವೇ ಹೇಳಿ, ಅಷ್ಟು ದೊಡ್ಡ ಕೆಲಸಾನಾ?”

ಎಷ್ಟೋ ದಿನದ ಮೇಲೆ ಯಾರೋ ಅವರನ್ನು ‘ನೀವೇ ಹೇಳಿ’ ಎಂದು ಕೇಳಿದ್ದರು. ಮೇಸ್ತ್ರಿ ಆಚೀಚೆ ನೋಡಿ, ಜೇಬಿನಿಂದ ಕೈ ತೆಗೆದು, ಪೆಟ್ಟಿಗೆಯಿಂದ ಎರಡು ಸ್ಪ್ಯಾನರ್ ಆರಿಸಿಕೊಟ್ಟರು. ಮಗ ಕಾರಿನಡಿ ತೂರಿದ. ಹಿಂದಿನ ಎಡ ಚಕ್ರದ ದಿಕ್ಕನ್ನು ಹಿಡಿದಿಡುವ ಸಣ್ಣ ಸಲಾಕೆಯ ನಟ್ಟು ಸಡಿಲಿಸಿ, ಸಲಾಕೆಯನ್ನು ಅರ್ಧ ಸುತ್ತು ತಿರುಗಿಸಿದ. ಬಲಗಡೆಗೆ ಹೋಗಬೇಕೆನ್ನುವಷ್ಟರಲ್ಲಿ ಮೈಕಿನಲ್ಲಿ ಅವನ ನಂಬರು ಕೂಗಿದರು. ಗಡಿಬಿಡಿಯಲ್ಲಿ ನಟ್ಟು ಬಿಗಿದು ಹೊರಬಂದ.

“ಗಟ್ಟಿ ಆಯ್ತೇನೋ?” ಮೇಸ್ತ್ರಿ ಕೇಳಿದರು.

“ಆಯ್ತಪ್ಪಾ. ಅಕ್ಕನಿಗೆ ಹೇಳ್ಬೇಡಿ.”

ತಾವೇ ಬಗ್ಗಿ ಒಂದು ಸಲ ಸ್ಪ್ಯಾನರ್ ಹಾಕಿ ನೋಡಬೇಕೆಂದು ಅವರಿಗೆ ಅನ್ನಿಸಿತು. ಪಕ್ಕದ ಡೇರೆಯಲ್ಲಿ ನಾಲ್ಕು ಜನ ನಿಂತಿದ್ದರು, ಅವರಲ್ಲಿ ಇಬ್ಬರು ಹಳೆಯ ಗಿರಾಕಿಗಳು. ಮೇಸ್ತ್ರಿ ಕೈಗಳನ್ನು ಮತ್ತೆ ಜೇಬಿಗೆ ಹಾಕಿಕೊಂಡರು.

ಮೊದಲ ತಿರುವು ನೋಡಿ ಜನ ಶಿಳ್ಳೆ ಹೊಡೆದರು. ಎರಡನೆಯದರಲ್ಲಿ ಕಾರಿನ ಬಾಲ ಮಗ ಹೇಳಿದಂತೆಯೇ ಪಟ್ಟನೆ ಹಾರಿತು. ಮೂರನೆಯದರಲ್ಲಿ ಹಿಂದಿನ ಎಡ ಚಕ್ರ ಒಮ್ಮೆಲೇ ಹೊರಕ್ಕೆ ವಾಲಿದ್ದನ್ನು ಮೇಸ್ತ್ರಿಯ ಕಣ್ಣು ಹಿಡಿಯಿತು. ಇಡೀ ಮೈದಾನದಲ್ಲಿ ಅದನ್ನು ಹಿಡಿಯಬಲ್ಲ ಕಣ್ಣುಗಳು ಅವರವು ಮತ್ತು ಟೈರು ಉರುಳಿಸುತ್ತ ವಾಪಸ್ಸು ಬರುತ್ತಿದ್ದ ಮಗಳದು. ಕಾರು ಬುಗುರಿಯಂತೆ ತಿರುಗಿ, ಅಂಚಿನಲ್ಲಿ ಹಳೆಯ ಟೈರು ಪೇರಿಸಿ ಕಟ್ಟಿದ್ದ ಗೋಡೆಯನ್ನು ಒಡೆದುಕೊಂಡು ಹೋಗಿ, ಅದರ ಹಿಂದೆ ಬಾವುಟ ಹಿಡಿದು ನಿಂತಿದ್ದವನನ್ನು ಕೆಡವಿತು. ಮಗನಿಗೆ ತರಚುಗಾಯವೂ ಆಗಲಿಲ್ಲ. ಬಾವುಟದವನ ಬಲಗಾಲು ಮೊಣಕಾಲಿನ ಕೆಳಗೆ ಎರಡು ಕಡೆ ಮುರಿಯಿತು.

ಆಂಬ್ಯುಲೆನ್ಸ್ ಹೋದ ಮೇಲೆ ತಪಾಸಕ ಬಗ್ಗಿ ಹಿಂದಿನ ಎಡ ಚಕ್ರವನ್ನು ಅಲುಗಿಸಿ ನೋಡಿದ. ಎದ್ದವನು ಯಾರ ಮೇಲೂ ರೇಗಲಿಲ್ಲ. “ನಟ್ಟು ಸಡಿಲ ಆಗಿದೆ. ಕಾರು ನಿಮ್ಮ ಶೆಡ್ಡಿಗೆ ಹೋಗ್ಲಿ, ಯಾರೂ ಮುಟ್ಟಬೇಡಿ. ಸೋಮವಾರ ಬಂದು ಬಿಚ್ಚಿ ನೋಡ್ತೀನಿ. ಅಷ್ಟರೊಳಗೆ ಬರೆದು ಕೊಡಿ, ಏನಾಯ್ತು ಅಂತ,” ಎಂದ. ಓಡಿಸುವವನು ತಿಳಿಸದೆ ಬದಲಾಯಿಸಿದ್ದರೆ ಎರಡು ವರ್ಷ ನಿಷೇಧ. ಮೆಕ್ಯಾನಿಕ್ಕು ಮರೆತಿದ್ದರೆ ಓಡಿಸಿದವನಿಗೆ ಈ ಪಂದ್ಯವಷ್ಟೇ ನಷ್ಟ, ಮೆಕ್ಯಾನಿಕ್ಕಿನ ಹೆಸರಿಗೆ ದೂರು, ಮೈದಾನದೊಳಗೆ ಬರುವ ಪಾಸು ರದ್ದು. ಅದನ್ನು ಅವನು ಬಿಡಿಸಿ ಹೇಳಬೇಕಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು.

ಮನೆಗೆ ಬಂದ ಮೇಲೆ ಮಗ ಕೋಣೆ ಸೇರಿ ಬಾಗಿಲು ಹಾಕಿಕೊಂಡ. ಮಗಳು ಊಟದ ಮೇಜಿನ ಮುಂದೆ ಕೂತಿದ್ದಳು. ಮೇಸ್ತ್ರಿ ಎದುರಿನ ಕುರ್ಚಿ ಎಳೆದುಕೊಂಡರು.

“ನಿನಗೆ ಶೆಡ್ಡಿದೆ,” ಎಂದು ಶುರುಮಾಡಿದರು. “ಪಾಸು ಇರಲಿ ಬಿಡಲಿ ನಿನ್ನ ಕೆಲಸಕ್ಕೇನೂ ಕುತ್ತಿಲ್ಲ. ಅವನಿಗೆ ಇದೊಂದೇ. ಎರಡು ವರ್ಷ ಅಂದ್ರೆ ಅವನ ಕಥೆ ಮುಗೀತು.”

ಹೆಂಡತಿ ಪಾತ್ರೆ ಒರೆಸುತ್ತಿದ್ದವಳು ಹಾಗೇ ನಿಂತಳು. “ರೀ, ಏನು ಹೇಳ್ತಿದ್ದೀರಿ ಅಂತ ನಿಮಗೆ ಗೊತ್ತಾ?”

“ನೀನು ಸುಮ್ನಿರು.”

“ಸುಮ್ನೇ ಇದ್ದೀನಿ. ಇಷ್ಟು ವರ್ಷ ಸುಮ್ನಿದ್ದಿದ್ದಕ್ಕೇ ಇಲ್ಲಿಗೆ ಬಂದು ನಿಂತಿದೆ.”

ಮಗಳು ಅಪ್ಪನನ್ನೇ ನೋಡುತ್ತಿದ್ದಳು. “ನಾನು ಬಿಗಿದಿದ್ದೆ ಅಪ್ಪಾ. ಗೆರೆ ಎಳೆದಿದ್ದೆ. ಅದು ನಿನಗೂ ಗೊತ್ತು.”

“ಗೊತ್ತು.”

“ಹಾಗಾದ್ರೆ ನಾನು ಯಾರ ಮೇಲೂ ಹೇಳೋದು ಬೇಡ. ಸೋಮವಾರ ಅವರು ಬಂದು ಗೆರೆ ನೋಡ್ಲಿ. ಮುರಿದಿದ್ರೆ ಯಾರೋ ಬಿಚ್ಚಿದ್ದಾರೆ ಅಂತ ಅವರಿಗೇ ಗೊತ್ತಾಗತ್ತೆ.” ಕುರ್ಚಿ ಹಿಂದಕ್ಕೆ ತಳ್ಳಿ ಏಳುತ್ತ, “ಯಾರು ಬಿಚ್ಚಿದ್ದು ಅಂತ ನಿನ್ನ ಕೇಳಲ್ಲ,” ಎಂದಳು.

ಕೇಳಿದ್ದರೆ ಮೇಸ್ತ್ರಿ ಹೇಳಿಬಿಡುತ್ತಿದ್ದರೋ ಏನೋ. ಅವಳು ಕೇಳದೆ ಬಿಟ್ಟದ್ದೇ ಅವರಿಗೆ ಅನುಕೂಲವಾಯಿತು.

ಭಾನುವಾರ ಮಧ್ಯಾಹ್ನ ಅಮ್ಮ ಮಗಳು ಬಾವುಟದವನನ್ನು ನೋಡಲು ಆಸ್ಪತ್ರೆಗೆ ಹೋದರು. ಮೇಸ್ತ್ರಿ ಶೆಡ್ಡಿನ ಬಾಗಿಲು ತೆಗೆದರು. ಹೊರಗೆ ಸುಡುಬಿಸಿಲು, ಒಳಗೆ ಕಾರು ಒಂದು ಕಣ್ಣು ತೆರೆದುಕೊಂಡು ನಿಂತಿತ್ತು. ಅವರು ಕಷ್ಟಪಟ್ಟು ಜಾಕು ಏರಿಸಿ, ಬಟ್ಟೆಯ ಚೂರೊಂದನ್ನು ಬಣ್ಣ ಕರಗಿಸುವ ಥಿನ್ನರಿನಲ್ಲಿ ಅದ್ದಿ, ಶೆಡ್ಡಿನ ಕೆಲಸ ಮಗಳಿಗೆ ಬಿಟ್ಟ ಮೇಲೆ ಮೊದಲ ಸಲ ಕಾರಿನಡಿ ಅಂಗಾತ ಮಲಗಿದರು. ನಟ್ಟಿನ ಮೇಲೆ ಗೆರೆಯ ಅರ್ಧ, ಬೋಲ್ಟಿನ ಮೇಲೆ ಇನ್ನರ್ಧ, ನಡುವೆ ಕಿರುಬೆರಳಿನಷ್ಟು ಅಂತರ. ಕೈ ಒಂದೆಡೆ ನಿಲ್ಲಲೊಲ್ಲದು. ಒರೆಸಲು ಹೋದರೆ ಬಟ್ಟೆ ಪಕ್ಕದ ಸಲಾಕೆಗೆ ತಾಗುತ್ತಿತ್ತು, ಥಿನ್ನರು ಮುಖದ ಮೇಲೆ ತೊಟ್ಟಿಕ್ಕುತ್ತಿತ್ತು. ಡಬ್ಬಿ ಒಮ್ಮೆ ಉರುಳಿತು. ಬಲಗೈಯನ್ನು ಎಡಗೈಯಿಂದ ಅವುಚಿ ಹಿಡಿದು ಒರೆಸಿದರು. ಒಂದು ಗೆರೆ ಅಳಿಸಲು ಮುಕ್ಕಾಲು ಗಂಟೆ ಹಿಡಿಯಿತು. ಹೊರಬಂದು ಸ್ಟೂಲಿನ ಮೇಲೆ ಕೂತಾಗ ಕಣ್ಣು ಉರಿಯುತ್ತಿತ್ತು. ಅದು ಥಿನ್ನರಿನ ಉರಿ ಎಂದು ತಮಗೆ ತಾವೇ ಹೇಳಿಕೊಂಡರು.

ಸೋಮವಾರ ಬೆಳಗ್ಗೆ ತಪಾಸಕ ಬರುವ ಮೊದಲೇ ಮಗಳು ಶೆಡ್ಡಿಗೆ ಬಂದಳು. ಬಾಗಿಲಲ್ಲೇ ನಿಂತು ಮೂಗು ಅರಳಿಸಿದಳು. ನೆಲದ ಮೇಲೆ ಥಿನ್ನರು ಹರಿದು ಗ್ರೀಸು ಕರಗಿ ಬೆಳ್ಳಗಾದ ಜಾಗವನ್ನು ನೋಡಿದಳು. ಟಾರ್ಚು ಹಿಡಿದು ಕಾರಿನಡಿ ಹೋಗಿ ಬಂದಳು. ಆಮೇಲೆ ಸ್ಟೂಲಿನ ಕಡೆಗೆ, ಅಪ್ಪನ ಮುಖದತ್ತ ಅಲ್ಲ, ಜೇಬಿನೊಳಗಿದ್ದ ಕೈಗಳತ್ತ ನೋಡಿದಳು. ಗಿರಾಕಿಗಳು ನೋಡುತ್ತಿದ್ದ ಹಾಗೆಯೇ.

“ಎಷ್ಟು ಹೊತ್ತು ಹಿಡೀತು?” ಎಂದು ಕೇಳಿದಳು.

ಮೇಸ್ತ್ರಿ ಕೈಗಳನ್ನು ಜೇಬಿನೊಳಗೆ ಇನ್ನಷ್ಟು ಆಳಕ್ಕೆ ಇಳಿಸಿದರು.

ತಪಾಸಕ ಬಂದು ಕಾರಿನಡಿ ಮಲಗಿ ಬಹಳ ಹೊತ್ತು ನೋಡಿದ. ಎದ್ದು ಮೈ ಕೊಡವಿಕೊಂಡು, ಅವಳತ್ತ ತಿರುಗಿದಾಗ ಅವನ ಮುಖದಲ್ಲಿ ಸಿಟ್ಟಿಗಿಂತ ಬೇಸರವಿತ್ತು. “ಎಲ್ಲಾ ನಟ್ಟಿಗೂ ಗೆರೆ ಇದೆಯಮ್ಮಾ. ಇದೊಂದಕ್ಕೇ ಇಲ್ಲ. ಅಂದ್ರೆ ಇದನ್ನ ಬಿಗಿ ಮಾಡೋದೇ ಮರೆತಿದ್ದೀಯ. ಅವತ್ತು ಬೆಳಗ್ಗೆ ನಾನೂ ಸರಿಯಾಗಿ ನೋಡಲಿಲ್ಲ ಅನ್ಸತ್ತೆ, ನಿನ್ನ ಕೆಲಸ ಅಂತ ನಂಬಿಬಿಟ್ಟೆ.”

ಗೆರೆ ಇಲ್ಲದಿದ್ದರೆ ಯಾರ ಮೇಲೂ ಏನೂ ಸಾಬೀತಾಗುವುದಿಲ್ಲ ಎಂದಷ್ಟೇ ಮೇಸ್ತ್ರಿ ಎಣಿಸಿದ್ದರು. ಇದು ಅವರ ಲೆಕ್ಕದಲ್ಲಿರಲಿಲ್ಲ. ಬಾಯಿ ತೆರೆಯಲು ಅದೇ ಹೊತ್ತು, ಮೂವರೇ ಇದ್ದರು, ಎರಡು ಮಾತು ಸಾಕಿತ್ತು. ನಡುಗದಿದ್ದ ಆ ಬಾಯಿ ಅಂದು ತೆರೆಯಲಿಲ್ಲ.

“ಹೌದು ಸಾರ್, ನನ್ನದೇ ತಪ್ಪು,” ಎಂದಳು ಮಗಳು, ಒಮ್ಮೆ ಅಪ್ಪನತ್ತ ನೋಡಿ. ಕಿವಿಯ ಹಿಂದಿನ ಪೆನ್ಸಿಲು ತೆಗೆದು, ಅದು ನಡೆಯುವುದಿಲ್ಲವೆಂದು ನೆನಪಾಗಿ ಅವನ ಹತ್ತಿರವೇ ಪೆನ್ನು ಕೇಳಿ, ಕಾರಿನ ಬಾನೆಟ್ಟಿನ ಮೇಲೆ ಕಾಗದವಿಟ್ಟು ಬರೆದು ಸಹಿ ಹಾಕಿದಳು.

ಹದಿನೈದು ದಿನದಲ್ಲಿ ಅವಳು ನಗರ ಸಾರಿಗೆಯ ಬಸ್ ಡಿಪೋದಲ್ಲಿ ಕೆಲಸ ಹಿಡಿದು, ಅದರ ಹತ್ತಿರವೇ ಒಂದು ಕೋಣೆ ಮಾಡಿಕೊಂಡು ಹೋದಳು. ಹೋಗುವಾಗ ಜಗಳ ಮಾಡಲಿಲ್ಲ, ಅಳಲಿಲ್ಲ. ಶೆಡ್ಡಿನ ಬೀಗದಕೈಯನ್ನು ಅಮ್ಮನ ಕೈಗೆ ಕೊಟ್ಟಳು. ಅಮ್ಮ ವಾರಕ್ಕೊಮ್ಮೆ ಹೋಗಿ ನೋಡಿಕೊಂಡು ಬರುತ್ತಿದ್ದಳು. ಬಂದು ಗಂಡನಿಗೆ ಏನೂ ಹೇಳುತ್ತಿರಲಿಲ್ಲ. ಮನೆಯಲ್ಲಿ ತಟ್ಟೆ ಇಡುವ ಸದ್ದು, ಬಾಗಿಲು ಹಾಕುವ ಸದ್ದು ಬಿಟ್ಟರೆ ಮಾತು ಕಡಿಮೆಯಾಯಿತು.

ಮಗ ಬೇರೊಬ್ಬ ಮೆಕ್ಯಾನಿಕ್ಕನ್ನು ಹಿಡಿದು ಕಾರು ರಿಪೇರಿ ಮಾಡಿಸಿದ. ಉಳಿದೆರಡು ಪಂದ್ಯಗಳಲ್ಲಿ ಒಂದರಲ್ಲಿ ಮೂರನೆಯವನಾದ, ಇನ್ನೊಂದರಲ್ಲಿ ಮೊದಲ ಸುತ್ತಿಗೇ ಹೊರಬಿದ್ದ. ಮೇಸ್ತ್ರಿ ಎರಡಕ್ಕೂ ಹೋಗಿದ್ದರು. ಕಾರು ನೆಟ್ಟಗೆ ನಿಂತಿಲ್ಲ ಎಂದು ನೋಡಿದ ಕೂಡಲೇ ಗೊತ್ತಾಯಿತು, ಹೇಳಿದರೆ ಹೊಸ ಮೆಕ್ಯಾನಿಕ್ಕು “ಆಗಲಿ ಯಜಮಾನ್ರೇ” ಎಂದು ನಕ್ಕು ಅತ್ತ ಹೋದ. ಸಾಲು ಮುಗಿದ ತಿಂಗಳಿಗೆ ಮಗ ಒಂದು ಬೆಳಗ್ಗೆ ಕಾಫಿ ಕುಡಿಯುತ್ತ, “ಅಪ್ಪಾ, ಇನ್ನು ಸಾಕು ಅನ್ಸತ್ತೆ,” ಎಂದ.

“ಏನು ಸಾಕು?”

“ಡ್ರಿಫ್ಟಿಂಗ್. ಆ ಆಕ್ಸಿಡೆಂಟ್ ಆದ್ಮೇಲೆ ಮೊದಲಿನ ಹಾಗೆ ಮನಸ್ಸು ಬರ್ತಿಲ್ಲ. ಸುಮ್ನೆ ಯಾಕೆ. ಕಾರು ಬೇಕು ಅಂತ ಒಬ್ಬ ಕೇಳ್ತಿದ್ದಾನೆ.”

ಮೇಸ್ತ್ರಿ ಮಗನ ಮುಖವನ್ನು ತುಂಬ ಹೊತ್ತು ನೋಡಿದರು. ಅವನಲ್ಲಿ ಕೆಟ್ಟತನವೇನೂ ಕಾಣಲಿಲ್ಲ. ಒಂದು ಅಂಗಿ ಹಳತಾಯಿತು, ಬದಲಾಯಿಸುತ್ತೇನೆ ಎನ್ನುವವನ ನಿರಾಳ ಇತ್ತು. “ಅಕ್ಕ?” ಎಂದರು.

“ಅಕ್ಕನಿಗೇನು? ಡಿಪೋದಲ್ಲಿ ಚೆನ್ನಾಗೇ ಇದ್ದಾಳಂತಲ್ಲ.”

ಆ ವಾರವೇ ಕಾರು ಲಾರಿ ಹತ್ತಿ ಹೋಯಿತು. ಮೇಸ್ತ್ರಿ ಖಾಲಿ ಜಾಗವನ್ನು ನೋಡುತ್ತ ಎರಡು ದಿನ ಶೆಡ್ಡಿನಲ್ಲಿ ಕೂತರು. ಮೂರನೆಯ ದಿನ ಗಡ್ಡ ಹೆರೆದುಕೊಳ್ಳಲು ಹೋಗಿ ಎರಡು ಕಡೆ ಗಾಯ ಮಾಡಿಕೊಂಡು, ಇಸ್ತ್ರಿ ಅಂಗಿ ತೊಟ್ಟು, ಕ್ಲಬ್ಬಿನ ಕಚೇರಿಗೆ ಹೊರಟರು.

ಕಚೇರಿಯ ಗೇಟಿನ ಬಳಿ ಕುರ್ಚಿ ಹಾಕಿಕೊಂಡು ಬಾವುಟದವನು ಕೂತಿದ್ದ. ಕಾಲು ಕೂಡಿಕೊಂಡಿತ್ತು, ಆದರೆ ಮೊದಲಿನಷ್ಟು ಉದ್ದ ಇರಲಿಲ್ಲ. ಮೈದಾನದ ಕೆಲಸ ಆಗದೆಂದು ಅವನಿಗೆ ಬಂದುಹೋಗುವವರ ಹೆಸರು ಬರೆದುಕೊಳ್ಳುವ ಕೆಲಸ ಕೊಟ್ಟಿದ್ದರು. ಮೇಸ್ತ್ರಿಯನ್ನು ಗುರುತು ಹಿಡಿದು ಎದ್ದು ನಿಲ್ಲಲು ನೋಡಿದ.

“ಕೂತ್ಕೊಳ್ಳಿ, ಕೂತ್ಕೊಳ್ಳಿ,” ಎಂದರು ಮೇಸ್ತ್ರಿ.

“ನಿಮ್ಮ ಮಗಳು ಹೇಗಿದ್ದಾರೆ ಸಾರ್? ಆಸ್ಪತ್ರೆಗೆ ನಾಲ್ಕು ಸಲ ಬಂದಿದ್ರು. ನನ್ನಿಂದ ಹೀಗಾಯ್ತು ಅಂತ ಕೈ ಹಿಡ್ಕೊಂಡ್ರು. ನಾನು ಹೇಳ್ದೆ, ಬಿಡಿಯಮ್ಮಾ, ಯಾರಿಗೆ ಮರೆವು ಇಲ್ಲ. ನನ್ನ ಮನಸ್ಸಲ್ಲಿ ಏನೂ ಇಲ್ಲ ಅಂತ ಅವರಿಗೆ ಹೇಳಿ.”

ಮೇಸ್ತ್ರಿ ಪುಸ್ತಕದಲ್ಲಿ ತಮ್ಮ ಹೆಸರು ಬರೆಯಲು ಹೋದರು. ಅಕ್ಷರ ಗೆರೆ ಬಿಟ್ಟು ಓಡಾಡಿತು. ಅವನೇ ಪೆನ್ನು ತೆಗೆದುಕೊಂಡು ಬರೆದುಕೊಂಡ.

ಕಾರ್ಯದರ್ಶಿ ಐವತ್ತರ ಹೆಂಗಸು. ತಾಳ್ಮೆಯಿಂದ ಎಲ್ಲ ಕೇಳಿಸಿಕೊಂಡರು. ನರೆಗಡ್ಡದ ತಪಾಸಕನನ್ನೂ ಕರೆಸಿದರು. ಮೇಸ್ತ್ರಿ ಒಂದನ್ನೂ ಬಿಡದೆ ಹೇಳಿದರು: ತಾವೇ ಸ್ಪ್ಯಾನರ್ ಕೊಟ್ಟದ್ದು, ಮಗ ಸಡಿಲಿಸಿದ್ದು, ತಾವು ಗೆರೆ ಒರೆಸಿದ್ದು, ಮುಕ್ಕಾಲು ಗಂಟೆ ಹಿಡಿದದ್ದು. ಹೇಳಿ ಮುಗಿಸಿದಾಗ ಹಗುರಾಗಬೇಕಿತ್ತು. ಎದುರಿಗಿದ್ದ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

“ನಿಮ್ಮ ಮಗ ಆಟ ಬಿಟ್ಟಿದ್ದಾರೆ ಅಲ್ವಾ?” ಎಂದರು ಕಾರ್ಯದರ್ಶಿ.

“ಹೌದು.”

“ಅಂದ್ರೆ ಈಗ ಅವರನ್ನ ನಿಷೇಧ ಮಾಡಿದ್ರೂ ಅವರಿಗೇನೂ ಆಗಲ್ಲ. ಮಗಳ ಹೆಸರಿನ ಮೇಲಿನ ಕಳಂಕ ಮಾತ್ರ ತೊಳೆದುಹೋಗತ್ತೆ.”

“ಅದಕ್ಕಲ್ಲ ಮೇಡಂ, ನಿಜ ಇದು.”

“ಕಾರು ಎಲ್ಲಿದೆ?”

“ಮಾರಿದ್ದಾಯ್ತು.”

“ಅದರಲ್ಲಿ ಆ ಸಲಾಕೆ, ಆ ನಟ್ಟು?”

“ಆಗಲೇ ಬದಲಾಯಿಸಿದ್ರು.”

ತಪಾಸಕ ಮುಂದೆ ಬಾಗಿ, ಮೆಲ್ಲಗೆ, ನೋಯಿಸಬಾರದೆಂಬ ದನಿಯಲ್ಲಿ ಹೇಳಿದ: “ಮೇಸ್ತ್ರಿಗಳೇ, ಬೇಜಾರು ಮಾಡ್ಕೋಬೇಡಿ. ಈ ಕೈಯಲ್ಲಿ ಕಾರಿನಡಿ ಮಲಗಿ ಒಂದು ನಟ್ಟಿನ ಗೆರೆ ಮಾತ್ರ ಅಷ್ಟು ಚೊಕ್ಕವಾಗಿ ಒರೆಸೋಕಾಗತ್ತಾ? ಅವಳ ಮೇಲೆ ನನಗೂ ಪ್ರೀತಿ ಇದೆ. ಆದ್ರೆ ಅವಳೇ ಬರೆದುಕೊಟ್ಟಿದ್ದಾಳೆ. ತಂದೆ ಅಂದ್ಮೇಲೆ ನೀವು ಹೀಗೆ ಬರೋದು ಸಹಜ. ನಾನಾಗಿದ್ರೂ ಬರ್ತಿದ್ದೆ.”

ಮೇಸ್ತ್ರಿ ಎರಡೂ ಕೈಗಳನ್ನು ಮೇಜಿನ ಮೇಲಿಟ್ಟು ಕೂತಿದ್ದರು. ಆ ಕೈಗಳು ಮೇಜಿನ ಮೇಲೆ ಪಟಪಟನೆ ಬಡಿದುಕೊಳ್ಳುತ್ತಿದ್ದವು. ಕಾರ್ಯದರ್ಶಿ ನೀರು ತರಿಸಿಕೊಟ್ಟರು, ಕುಡಿದು ಮುಗಿಸುವವರೆಗೆ ಕಾದರು, ಬಾಗಿಲವರೆಗೂ ಬಂದು ಬೀಳ್ಕೊಟ್ಟರು. ಮಗಳಿಗಾಗಿ ಸುಳ್ಳು ಹೇಳಲು ಬಂದ ಒಳ್ಳೆಯ ತಂದೆ ಎಂದು ಅವರಿಬ್ಬರೂ ತಮ್ಮನ್ನು ಗೌರವಿಸಿದರು ಎಂಬುದು ಮೇಸ್ತ್ರಿಗೆ ಮೆಟ್ಟಿಲಿಳಿಯುವಾಗ ಹೊಳೆಯಿತು.

ಅಲ್ಲಿಂದ ನೇರ ಡಿಪೋಗೆ ಹೋದರು. ಉದ್ದನೆಯ ಕಟ್ಟಡ, ನೆಲದಲ್ಲಿ ತೋಡಿದ ಆರು ಗುಂಡಿಗಳು, ಪ್ರತಿ ಗುಂಡಿಯ ಮೇಲೊಂದು ಬಸ್ಸು. ಮೂರನೆಯ ಗುಂಡಿಯಿಂದ ಮಗಳು ಮೇಲೆ ಬಂದಳು. ನೀಲಿ ಮೇಲಂಗಿ, ತುಸು ಇಳಿದ ಮುಖ. ಅಪ್ಪನನ್ನು ನೋಡಿ ಆಶ್ಚರ್ಯವಾಗಲಿ ಸಂತೋಷವಾಗಲಿ ತೋರಿಸದೆ, ನೂಲಿನ ಚಿಂದಿಯಲ್ಲಿ ಕೈ ಒರೆಸಿಕೊಳ್ಳುತ್ತ, “ಅಮ್ಮ ಹುಷಾರಾಗಿದ್ದಾಳಾ?” ಎಂದು ಕೇಳಿದಳು.

“ಹುಷಾರಾಗಿದ್ದಾಳೆ. ಕ್ಲಬ್ಬಿಗೆ ಹೋಗಿದ್ದೆ. ಎಲ್ಲಾ ಹೇಳಿಬಿಟ್ಟೆ.”

ಅವಳ ಕೈ ನಿಂತಿತು. “ಯಾರ ಹತ್ರ?”

“ಮೇಡಂ ಹತ್ರ. ತಪಾಸಣೆಯವರ ಹತ್ರಾನೂ.”

“ಏನಂದ್ರು?”

“ನಂಬಲಿಲ್ಲ.”

ಅವಳು ನಕ್ಕಳು. ಚಿಕ್ಕ ನಗು, ಮೂಗಿನಿಂದ ಬಂದು ಅಲ್ಲೇ ನಿಂತದ್ದು. “ನಂಬೋಕೆ ನೀನೇನೂ ಉಳಿಸಿರಲಿಲ್ಲವಲ್ಲ ಅಪ್ಪಾ.” ಆಮೇಲೆ, ಬೇರೆ ದನಿಯಲ್ಲಿ, “ಇಷ್ಟು ದಿನ ಅವರು ನನ್ನ ಮರೆಗುಳಿ ಅಂದ್ಕೊಂಡಿದ್ರು. ಇನ್ನು ಅಪ್ಪನ್ನ ಸುಳ್ಳು ಹೇಳೋಕೆ ಕಳಿಸ್ತಾಳೆ ಅಂದ್ಕೋತಾರೆ. ಯಾಕೆ ಹೋದೆ?”

“ನಿನಗೋಸ್ಕರ.”

“ನನಗೋಸ್ಕರ ಹೇಳೋ ದಿನ ಇವತ್ತಲ್ಲ, ಆ ಸೋಮವಾರ.”

ಗುಂಡಿಯೊಳಗಿಂದ ಯಾರೋ “ಅಕ್ಕಾ, ಜಾಕು ಇಳಿಸ್ಲಾ?” ಎಂದು ಕೇಳಿದರು. ಅವಳು ತಿರುಗಿ “ಇರು, ಬಂದೆ” ಎಂದಳು. ಮೇಸ್ತ್ರಿ ಹೇಳಬೇಕೆಂದುಕೊಂಡು ಬಂದ ಮಾತು ಇನ್ನೂ ಬಾಯಲ್ಲೇ ಇತ್ತು. ತಪ್ಪಾಯಿತು ಎನ್ನುವ ಒಂದು ಮಾತು. ಆಡಲು ಹೋದರೆ ನಾಲಿಗೆ ತೊದಲಿತು.

“ಮನೆಗೆ ಬಾ ಮಗಳೇ. ಶೆಡ್ಡು ಖಾಲಿ ಬಿದ್ದಿದೆ.”

“ಶೆಡ್ಡು ಯಾರಿಗಾದ್ರೂ ಬಾಡಿಗೆಗೆ ಕೊಡಿ. ಸುಮ್ನೆ ತುಕ್ಕು ಹಿಡಿಯತ್ತೆ.”

‘ಕೊಡು’ ಅನ್ನಲಿಲ್ಲ, ‘ಕೊಡಿ’ ಎಂದಳು. ಹುಟ್ಟಿದಾಗಿನಿಂದ ಅವರನ್ನು ಅವಳು ಬಹುವಚನದಲ್ಲಿ ಕರೆದದ್ದೇ ಇಲ್ಲ. ಬಾಯಿತಪ್ಪಿ ಬಂದಿರಬೇಕೆಂದು ಮೇಸ್ತ್ರಿ ಅವಳ ಮುಖ ನೋಡಿದರು.

“ಬಿಸಿಲಲ್ಲಿ ನಡೀಬೇಡಿ,” ಎಂದಳು ಅವಳು. ಅವರ ತೋಳು ಹಿಡಿದು, ಕೈಯನ್ನು ಮಾತ್ರ ಮುಟ್ಟದೆ, ಗೇಟಿನ ಆಚೆಯ ನಿಲ್ದಾಣದವರೆಗೆ ನಡೆಸಿಕೊಂಡು ಬಂದಳು. ಬಸ್ಸು ಬಂದಾಗ ಹತ್ತಿಸಿ, ಕಂಡಕ್ಟರನಿಗೆ ಇಳಿಯುವ ಜಾಗ ಹೇಳಿ, “ವಯಸ್ಸಾದವರು, ಸ್ವಲ್ಪ ನೋಡಿ ಇಳಿಸಿ” ಎಂದಳು. ಅಪ್ಪ ಎಂದು ಹೇಳಲಿಲ್ಲ. ಕಂಡಕ್ಟರ್ ಅವರಿಗೆ ಮುಂದಿನ ಸೀಟು ಬಿಡಿಸಿಕೊಟ್ಟ. ಮೇಸ್ತ್ರಿ ಕಿಟಕಿಯಿಂದ ಹೊರಗೆ ನೋಡುವ ಹೊತ್ತಿಗೆ ಅವಳು ಆಗಲೇ ಗೇಟು ದಾಟಿ ಒಳಗೆ ಹೋಗಿದ್ದಳು.